ಹೊಳ್ಳಿಸಿ ನೋಡು: ಯುದ್ಧಕಾಲದ ಪ್ಯಾಚ್‌ಗಳನ್ನು ಕೂಡಿಸಿದ ನನ್ನ ಅನುಭವ

ಪ್ಯಾಚ್ ಅಂದರೆ ಯಾವ ಪಡೆಯವರು ಅಂತ ತಿಳಿಯಲಿ ಅಂತ ತೋಳಿಗೆ ಹಚ್ಚಿಕೊಳ್ಳುವ ಗುರುತಿನ ಬಟ್ಟೆ. ನನಗೆ ಸಿಕ್ಕ ಮೊದಲ ಪ್ಯಾಚ್ ಒಂದು ಗುಂಡಿ ಡಬ್ಬಿಯೊಳಗೆ ಇತ್ತು. ನಾನು ಕೊಂಡದ್ದು ಡಬ್ಬಿಯನ್ನು, ಎಂಟು ಡಾಲರಿಗೆ. ನ್ಯೂಜೆರ್ಸಿಯ ಲ್ಯಾಂಬರ್ಟ್‌ವಿಲ್ ಊರಿನ ಹೊರಗೆ ಗೋಲ್ಡನ್ ನಗೆಟ್ ಅಂತ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಮನಸ್ಸಿಗೆ ಹಿತ ಅನ್ನಿಸಿದ ಜಾಗ ಅದೊಂದೇ. ಮಾಲ್‌ನಲ್ಲಿ ಯಾರೂ ಮಾತಾಡುವುದಿಲ್ಲ, ಸಂತೆಯಲ್ಲಿ ಎಲ್ಲರೂ ಮಾತಾಡುತ್ತಾರೆ.

ಮನೆಗೆ ಬಂದು ಡಬ್ಬಿ ಸುರಿದೆ. ಗುಂಡಿಗಳ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಬಟ್ಟೆ. ಬಿಚ್ಚಿದರೆ ನೀಲಿ ವೃತ್ತ, ಅದರೊಳಗೆ ಬಿಳಿ ತ್ರಿಕೋನ, ತ್ರಿಕೋನದೊಳಗೆ ಓರೆಯಾಗಿ ಕೆಂಪು ಬಿಳಿ ಪಟ್ಟೆ. ಯಾವುದೋ ಕಂಪನಿಯ ಗುರುತು ಇರಬೇಕು ಅಂದುಕೊಂಡೆ. ಮುಂದಿನ ಶನಿವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಹಳೇ ಮೆಡಲ್ ಮಾರುವ ಅಜ್ಜನೊಬ್ಬರಿಗೆ ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು, "ಏರ್ ರೇಡ್ ವಾರ್ಡನ್. ನಮ್ಮಪ್ಪ ಹಾಕ್ಕೊಳ್ತಿದ್ದರು, ರಾತ್ರಿ ಬೀದಿ ಸುತ್ತೋಕೆ ಹೋಗ್ತಿದ್ದರು" ಅಂದರು. ವಿಮಾನ ದಾಳಿಯ ಭಯದ ಕಾಲದಲ್ಲಿ ಬೀದಿ ಕಾಯುವವರು ಅಂತ ಅದರ ಅರ್ಥ. ಅಲ್ಲಿಂದ ಶುರುವಾಯಿತು ನೋಡಿ.

ಎರಡನೇ ಮಹಾಯುದ್ಧ ಅಂದ ಕೂಡಲೇ ನಮಗೆಲ್ಲ ಸೈನಿಕರು, ಟ್ಯಾಂಕು, ವಿಮಾನ ನೆನಪಾಗುತ್ತವೆ. ಆದರೆ ಯುದ್ಧಕ್ಕೆ ಹೋಗದೆ ಊರಲ್ಲೇ ಇದ್ದು ಯುದ್ಧಕ್ಕಾಗಿ ದುಡಿದ ಜನ ಅದಕ್ಕಿಂತ ಎಷ್ಟೋ ಜಾಸ್ತಿ. ಅದನ್ನೇ ಇಲ್ಲಿ ಹೋಮ್ ಫ್ರಂಟ್ ಅನ್ನುತ್ತಾರೆ. ಹಗಲು ಅಂಗಡಿಯಲ್ಲಿ ಲೆಕ್ಕ ಬರೆದು ರಾತ್ರಿ ವಾರ್ಡನ್ ಆಗಿ ಬೀದಿ ಕಾಯ್ದವರು, ಗುಡ್ಡದ ಮೇಲೆ ಕೂತು ಆಕಾಶ ನೋಡಿ ವಿಮಾನ ಎಣಿಸಿದವರು, ಗಂಡಸರು ಯುದ್ಧಕ್ಕೆ ಹೋದ ಮೇಲೆ ಹೊಲದ ಕೆಲಸಕ್ಕೆ ಇಳಿದ ಹೆಣ್ಣುಮಕ್ಕಳು, ಸೈಕಲ್ ತುಳಿದು ಸುದ್ದಿ ಮುಟ್ಟಿಸಿದ ಹುಡುಗರು. ಇವರಲ್ಲಿ ಹೆಚ್ಚಿನವರಿಗೆ ಮೆಡಲ್ ಸಿಗಲಿಲ್ಲ, ಪೆನ್ಷನ್ ಇರಲಿಲ್ಲ. ಸಿಕ್ಕಿದ್ದು ತೋಳಿಗೆ ಹಚ್ಚಿಕೊಳ್ಳುವ ಒಂದು ತುಂಡು ಬಟ್ಟೆ. ಆ ತುಂಡು ಬಟ್ಟೆಯನ್ನೇ ನಾನು ಕೂಡಿಸುತ್ತೇನೆ.

ಆ ನೀಲಿ ವೃತ್ತದ ಕತೆ ಹೀಗೆ. ಅಧ್ಯಕ್ಷ ರೂಸ್‌ವೆಲ್ಟ್ 1941ರ ಮೇ 20ರಂದು ಆಫೀಸ್ ಆಫ್ ಸಿವಿಲಿಯನ್ ಡಿಫೆನ್ಸ್ ಎಂಬ ನಾಗರಿಕ ರಕ್ಷಣೆಯ ಕಚೇರಿ ತೆರೆದರು. ಅಮೆರಿಕವನ್ನು ಯುದ್ಧಕ್ಕೆ ಎಳೆದ ಜಪಾನಿನ ಪರ್ಲ್ ಹಾರ್ಬರ್ ದಾಳಿ ಆಗಲು ಇನ್ನೂ ಆರು ತಿಂಗಳಿತ್ತು. ಅದಕ್ಕೆ ಮೊದಲ ಮುಖ್ಯಸ್ಥ ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ. ಈ ಗುರುತುಗಳನ್ನು ಬಿಡಿಸಿದವರು ಚಾರ್ಲ್ಸ್ ಕೊಯ್ನರ್, ಫಿಲಡೆಲ್ಫಿಯಾದ ಜಾಹೀರಾತು ಕಲಾವಿದರು. ಎಷ್ಟು ಸರಳವಾಗಿ ಯೋಚಿಸಿದ್ದಾರೆ ನೋಡಿ. ವೃತ್ತ, ತ್ರಿಕೋನ ಎಲ್ಲರಿಗೂ ಒಂದೇ. ಒಳಗಿನ ಕೆಂಪು ಚಿತ್ರ ಮಾತ್ರ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ಸುದ್ದಿ ಒಯ್ಯುವ ಹುಡುಗನಿಗೆ ಮಿಂಚು. ಗಾಡಿ ಓಡಿಸುವವರಿಗೆ ಚಕ್ರ. ಕುಸಿದ ಮನೆಯಿಂದ ಜನರನ್ನು ಹೊರತೆಗೆಯುವವರಿಗೆ ಏಣಿ. ಬಾಂಬ್ ಸ್ಕ್ವಾಡಿಗೆ ಬಾಂಬು. ಪೊಲೀಸರಿಗೆ ನೆರವಾಗುವವರಿಗೆ ಗುರಾಣಿ. ಕತ್ತಲಲ್ಲಿ, ಹೊಗೆಯಲ್ಲಿ, ಅಕ್ಷರ ಓದಲು ಬಾರದವರಿಗೂ ತಿಳಿಯಬೇಕಿತ್ತು. ಈಗಲೂ ನನ್ನ ಆರು ವರ್ಷದ ಮಗ ಪ್ಯಾಚ್ ನೋಡಿ ಯಾರು ಏನು ಕೆಲಸದವರು ಅಂತ ತಡವರಿಸದೆ ಹೇಳುತ್ತಾನೆ.

ಅಮೆರಿಕದ ಮುಖ್ಯಭೂಮಿಯ ಊರುಗಳ ಮೇಲೆ ಬಾಂಬ್ ಬೀಳಲಿಲ್ಲವಲ್ಲ, ಮತ್ತೆ ವಾರ್ಡನ್ ಯಾಕೆ ಅಂತ ನಾನೂ ಕೇಳಿದ್ದೆ. ಬೀಳುವುದಿಲ್ಲ ಅಂತ ಅವರಿಗೆ ಆಗ ಗೊತ್ತಿರಲಿಲ್ಲ ಅಲ್ವಾ. ಅದೂ ಅಲ್ಲದೆ 1942ರ ಜನವರಿಯಿಂದ ಜರ್ಮನ್ ಸಬ್‌ಮರೀನ್‌ಗಳು ಈ ಪೂರ್ವ ಕರಾವಳಿಗೇ ಬಂದು ಹಡಗುಗಳನ್ನು ಮುಳುಗಿಸುತ್ತಿದ್ದವು. ದಡದ ಊರುಗಳ ದೀಪದ ಬೆಳಕಿನಲ್ಲಿ ಹಡಗಿನ ಆಕಾರ ಕರ್ರಗೆ ಎದ್ದು ಕಾಣುತ್ತಿತ್ತು, ಗುರಿ ಇಡಲು ಅಷ್ಟು ಸಾಕಾಗಿತ್ತು. ಹಾಗಾಗಿ ದೀಪ ಆರಿಸಿ, ಪರದೆ ಎಳೆಯಿರಿ ಅಂತ ಮನೆಮನೆಗೆ ಹೇಳುತ್ತಾ ಹೋದ ವಾರ್ಡನ್ ಸುಮ್ನೆ ಸುತ್ತುತ್ತಿರಲಿಲ್ಲ.

ಮೊದಲ ಒಂದೂವರೆ ವರ್ಷ ನಾನು ಕೂಡಿಸಿದ್ದು ಕಣ್ಣಿಗೆ ಚೆಂದ ಕಂಡಿದ್ದನ್ನು. ಬಣ್ಣ ಗಟ್ಟಿ ಇರಬೇಕು, ಕಲೆ ಇರಬಾರದು, ಹೊಲಿದ ಗುರುತು ಇರಬಾರದು. ಇಲ್ಲಿನ ಸಂಗ್ರಹಕಾರರು ಹೆಚ್ಚಾಗಿ ಹಾಗೇ ಮಾಡುತ್ತಾರೆ. ಒಮ್ಮೆಯೂ ಬಟ್ಟೆಗೆ ಹಚ್ಚದ ಪ್ಯಾಚಿಗೆ ಬೆಲೆ ಜಾಸ್ತಿ. ನಾನೂ ಅದನ್ನೇ ಸರಿ ಅಂದುಕೊಂಡಿದ್ದೆ, ಅವ್ವ ಬರುವ ತನಕ.

ಅವ್ವನ ಬಗ್ಗೆ ಹೇಳಬೇಕು. ನಮ್ಮವ್ವ ಇಳಕಲ್ ಸೀರೆಗೆ ಕಸೂತಿ ಹಾಕುವವರು, ನಲವತ್ತು ವರ್ಷದಿಂದ. ಧಾರವಾಡದ ಕಸೂತಿ ಗೊತ್ತಿದ್ದವರಿಗೆ ಗೊತ್ತು, ಗವಂತಿ ಮತ್ತು ಮುರ್ಗಿ ಹೊಲಿಗೆಯಲ್ಲಿ ಮುಂದಿನ ಬದಿ ಹಿಂದಿನ ಬದಿ ಎರಡೂ ಒಂದೇ ಥರ ಕಾಣಬೇಕು. ಗಂಟು ಇರಬಾರದು. ಯಾರಾದರೂ ಕಸೂತಿ ತಂದು ತೋರಿಸಿದರೆ ಅವ್ವ ಮೊದಲು ಮಾಡುವ ಕೆಲಸ ಸೆರಗು ಹೊಳ್ಳಿಸಿ ಹಿಂಬದಿ ನೋಡುವುದು. ಕೆಲಸದವರ ಕೈ ಎಂಥದ್ದು ಅಂತ ಅಲ್ಲಿ ಗೊತ್ತಾಗುತ್ತದೆ ಅಂತ.

ನನ್ನ ಬಾಣಂತನಕ್ಕೆ ಬಂದಿದ್ದರು. ಒಂದು ಮಧ್ಯಾಹ್ನ ಪ್ಯಾಚ್‌ಗಳ ಆಲ್ಬಮ್ ತೆಗೆದು ಮುಂದಿಟ್ಟೆ. ಒಂದೊಂದೇ ಹಾಳೆ ತಿರುವಿದರು. ಆಮೇಲೆ "ಮುಂದ ಚಂದ ಅದ ಬಿಡು. ಹೊಳ್ಳಿಸು, ಹಿಂದ ನೋಡೋಣು" ಅಂದರು. ನಾನು ಅಲ್ಲಿಯ ತನಕ ಒಂದರ ಹಿಂಬದಿಯನ್ನೂ ಸರಿಯಾಗಿ ನೋಡಿರಲಿಲ್ಲ. ಅವ್ವ ಆ ಗುಂಡಿ ಡಬ್ಬಿಯ ವಾರ್ಡನ್ ಪ್ಯಾಚನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೇಲೆ ಸರಿಸಿ, ಉಗುರಿನಿಂದ ಅಂಚಿನ ಗುಂಟ ಸವರಿದರು.

"ಇದನ್ನ ಎರಡ ಸಲ ಹಚ್ಯಾರ ನೋಡು. ಮೊದಲ ಮಷೀನ್ ಹೊಲಿಗಿ. ತೂತು ಸಾಲ ಹಿಡದಾವ. ಅದನ್ನ ಬಿಚ್ಯಾರ, ಆಮ್ಯಾಲ ಕೈಲೆ ಹಚ್ಯಾರ. ಅರ್ಧಕ್ಕ ದಾರ ತೀರೇದ, ಕಪ್ಪು ಸಿಕ್ಕಿಲ್ಲ, ನೀಲಿ ದಾರಲೇ ಮುಗಿಸ್ಯಾರ. ಅವಸರದಾಗ ಹಚ್ಚ್ಯಾಳ, ಪಾಪ."

ಹಚ್ಚ್ಯಾಳ ಅಂದರು. ಯಾರೋ ಒಬ್ಬಾಕೆ ಗಂಡನ ಹಳೇ ಕೋಟಿನಿಂದ ಬಿಚ್ಚಿ ಇನ್ನೊಂದಕ್ಕೆ ಹಚ್ಚಿದ್ದು ಅವ್ವನಿಗೆ ಕಂಡುಬಿಟ್ಟಿತ್ತು. ಹಚ್ಚಿದ್ದು ಹೆಂಡತಿಯೋ ತಾಯಿಯೋ ಅಥವಾ ಆತನೇ ಹಚ್ಚಿಕೊಂಡನೋ ನನಗೆ ತಿಳಿಯುವುದಿಲ್ಲ. ಆದರೆ ಆ ಹದಿನೈದು ಇಪ್ಪತ್ತು ನೀಲಿ ಹೊಲಿಗೆಗಳು ಯಾವ ಕಾರ್ಖಾನೆಯಲ್ಲೂ ಆದದ್ದಲ್ಲ, ಯಾರದೋ ಮನೆಯಲ್ಲಿ ದೀಪದ ಕೆಳಗೆ ಕೂತು ಹಾಕಿದ್ದು. ಪ್ಯಾಚಿನ ಮುಂಬದಿ ಸರ್ಕಾರದ್ದು. ಹಿಂಬದಿ ಆ ಮನೆಯದು. ಅವತ್ತಿನಿಂದ ನಾನು ಕೊಳ್ಳುವ ರೀತಿಯೇ ಬದಲಾಯಿತು.

ಹಿಂಬದಿ ಓದುವುದನ್ನು ಕಲಿಯಲು ನನಗೆ ಸಮಯ ಹಿಡಿಯಿತು. ಗೊತ್ತಾದಷ್ಟು ಹೇಳುತ್ತೇನೆ. ಆ ಕಾಲದ ಕಸೂತಿ ಪ್ಯಾಚ್‌ಗಳಲ್ಲಿ ಬಹಳಷ್ಟು ಶಿಫ್ಲಿ ಅನ್ನುವ ಯಂತ್ರದಲ್ಲಿ ಆದವು. ಸ್ವಿಟ್ಜರ್ಲೆಂಡಿನವರು 1863ರ ಹೊತ್ತಿಗೆ ಕಂಡುಹಿಡಿದ ಯಂತ್ರ ಅದು, ಅದರ ಲಾಳಿ ಪುಟ್ಟ ದೋಣಿಯ ಹಾಗೆ ಇರುವುದರಿಂದ ಅವರ ಭಾಷೆಯಲ್ಲಿ ಪುಟ್ಟ ದೋಣಿ ಅಂತಲೇ ಹೆಸರು. ಒಂದು ಯಂತ್ರ ಹತ್ತು, ಹದಿನೈದು ಗಜ ಉದ್ದ. ನೂರಾರು ಸೂಜಿಗಳು ಒಟ್ಟಿಗೆ ಚುಚ್ಚುತ್ತವೆ, ಒಂದೇ ಚಿತ್ರ ಬಟ್ಟೆಯ ಉದ್ದಕ್ಕೂ ಸಾಲಾಗಿ ಮೂಡುತ್ತದೆ. ನನಗೆ ಖುಷಿ ಕೊಟ್ಟದ್ದು ಏನೆಂದರೆ, ಅಮೆರಿಕದಲ್ಲಿ ಈ ಕೆಲಸದ ತವರು ನಾನಿರುವ ನ್ಯೂಜೆರ್ಸಿಯೇ. ಹಡ್ಸನ್ ನದಿಯ ಹತ್ತಿರದ ಯೂನಿಯನ್ ಸಿಟಿ, ವೆಸ್ಟ್ ನ್ಯೂಯಾರ್ಕ್, ಗುಟೆನ್‌ಬರ್ಗ್ ಊರುಗಳನ್ನು ಕಸೂತಿಯ ರಾಜಧಾನಿ ಅಂತಲೇ ಕರೆಯುತ್ತಿದ್ದರು. ನಮ್ಮಲ್ಲಿ ಮಗ್ಗದ ಸದ್ದು ಕೇಳುವ ಓಣಿಗಳಿರುತ್ತವಲ್ಲ, ಹಾಗೆ ಅಲ್ಲಿ ಶಿಫ್ಲಿಯ ಸದ್ದು ಇದ್ದಿರಬೇಕು.

ಶಿಫ್ಲಿಯ ಪ್ಯಾಚನ್ನು ಹೊಳ್ಳಿಸಿದರೆ ಹೆಚ್ಚಾಗಿ ಕಾಣುವುದು ಬಿಳಿ ದಾರ. ಮುಂದೆ ಎಷ್ಟೇ ಬಣ್ಣ ಇರಲಿ, ಹಿಂದೆ ಲಾಳಿಯ ದಾರ ಒಂದೇ ಬಿಳಿ. ಹಿಮ ಬಿದ್ದ ಹಾಗೆ ಕಾಣುತ್ತದೆ ಅಂತ ಸಂಗ್ರಹಕಾರರು ಅದಕ್ಕೆ ಸ್ನೋ ಬ್ಯಾಕ್ ಅನ್ನುತ್ತಾರೆ. ಆ ಬಿಳಿ ಎಂಬತ್ತು ವರ್ಷದಲ್ಲಿ ಹಾಲಿನ ಬಿಳಿಯಾಗಿ ಉಳಿಯುವುದಿಲ್ಲ, ಕೆನೆ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಆಕಾರದಿಂದ ಇನ್ನೊಂದಕ್ಕೆ ದಾಟಿದ ದಾರಗಳ ತುದಿ ಕತ್ತರಿಸಿದ್ದು ಅಲ್ಲಲ್ಲಿ ಚೂರು ಚೂರಾಗಿ ಕಾಣುತ್ತದೆ. ಈಗಿನ ಪ್ಯಾಚಿನ ಹಿಂದೆ ಬೆರಳಾಡಿಸಿ, ಪ್ಲಾಸ್ಟಿಕ್ ಪದರವೋ ಇಸ್ತ್ರಿ ಹಾಕಿ ಅಂಟಿಸುವ ಅಂಟೋ ಸಿಗುತ್ತದೆ.

ಆಮೇಲೆ ಅಂಚು. ಇದು ಎಲ್ಲಕ್ಕಿಂತ ಸುಲಭದ ಗುರುತು. ಈಗಿನ ಶಾಲೆ ಪ್ಯಾಚ್, ಸ್ಕೌಟ್ ಪ್ಯಾಚ್ ನೋಡಿ, ಸುತ್ತ ಹಗ್ಗದ ಹಾಗೆ ದಪ್ಪ ದಾರ ಸುತ್ತಿರುತ್ತದೆ. ಅದು ಮೆರೋ ಯಂತ್ರದ ಅಂಚು. ಅದು ಎಲ್ಲೆಡೆ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಯುದ್ಧಕಾಲದ ಪ್ಯಾಚಿಗೆ ಅಂಚು ಚಪ್ಪಟೆ, ಕಸೂತಿ ಮುಗಿದಲ್ಲಿಗೆ ಬಟ್ಟೆ ಕತ್ತರಿಸಿರುತ್ತಾರೆ. ದಪ್ಪ ಅಂಚು ಇದ್ದು 1942ರದ್ದು ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಮುಂದಕ್ಕೆ ಹೋಗಿ.

ಅಕ್ಷರಗಳನ್ನೂ ಓದಿ. ಯುದ್ಧಕಾಲದ ಕಚೇರಿಯ ಹೆಸರು ಸಿವಿಲಿಯನ್ ಡಿಫೆನ್ಸ್. ಸೋವಿಯತ್ ಬಾಂಬಿನ ಭಯ ಬಂದ 1950ರ ದಶಕದಲ್ಲಿ ಇದೇ ವೃತ್ತ, ಇದೇ ತ್ರಿಕೋನ ಮತ್ತೆ ಬಳಕೆಗೆ ಬಂತು, ಆಗ ಹೆಸರು ಸಿವಿಲ್ ಡಿಫೆನ್ಸ್. ಎರಡೂ ಹಳೆಯವೇ, ಎರಡೂ ಅಸಲಿಯೇ, ಆದರೆ ಯುದ್ಧ ಬೇರೆ. ಹಾಗೇ ಆಕಾಶ ಕಾಯುವವರದ್ದು. ಯುದ್ಧದಲ್ಲಿ ಗ್ರೌಂಡ್ ಅಬ್ಸರ್ವರ್ ಕೋರ್ ಅಂತ ಇತ್ತು, ಸುಮಾರು 15 ಲಕ್ಷ ಜನ ಸರದಿಯ ಮೇಲೆ ಕೂತು ಕಂಡ ವಿಮಾನವನ್ನು ಫೋನ್ ಮಾಡಿ ತಿಳಿಸುತ್ತಿದ್ದರು. ಅದೇ ಹೆಸರಿನ ಪಡೆ 1950ರ ದಶಕದಲ್ಲಿ ಮತ್ತೆ ಬಂತು. ಸಂತೆಯಲ್ಲಿ ಯುದ್ಧಕಾಲದ್ದು ಅಂತ ನನಗೆ ತೋರಿಸಿದ ರೆಕ್ಕೆಯ ಪ್ಯಾಚ್‌ಗಳಲ್ಲಿ ಬಹಳಷ್ಟು ಆ ಎರಡನೇ ಸಲದವು. ಮಾರುವವರು ಮೋಸ ಮಾಡುತ್ತಾರೆ ಅಂತಲ್ಲ, ಅವರಿಗೂ ಗೊತ್ತಿರುವುದಿಲ್ಲ.

ಅಲ್ಟ್ರಾವಯಲೆಟ್ ಟಾರ್ಚ್ ಒಂದು ಇಟ್ಟುಕೊಳ್ಳಿ, ದುಬಾರಿ ಏನಲ್ಲ. ಬಟ್ಟೆ ಬಿಳಿ ಕಾಣಲಿ ಅಂತ ಈಗ ನೂಲಿಗೂ ಸೋಪಿನ ಪುಡಿಗೂ ಹಾಕುವ ರಾಸಾಯನಿಕ ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಯುದ್ಧಕಾಲದ ಹತ್ತಿ ನೂಲು ಹೊಳೆಯುವುದಿಲ್ಲ. ಆದರೆ ಇದೊಂದನ್ನೇ ನಂಬಿಕೊಂಡು ತೀರ್ಮಾನ ಮಾಡಬೇಡಿ. ಅಸಲಿ ಪ್ಯಾಚನ್ನೇ ಯಾರೋ 1980ರಲ್ಲಿ ಒಳ್ಳೇ ಸೋಪಿನ ಪುಡಿ ಹಾಕಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ನಾನು ನೋಡುವುದು ಹೇಗೆ ಹೊಳೆಯುತ್ತದೆ ಅಂತ. ಒಗೆದಿದ್ದಾದರೆ ತಳದ ಬಟ್ಟೆ, ದಾರ ಎಲ್ಲ ಮಂಕಾಗಿ ಒಂದೇ ಸಮ ಹೊಳೆಯುತ್ತದೆ. ಹೊಸ ದಾರದ್ದಾದರೆ ಬಿಳಿ ದಾರ ಮಾತ್ರ ಟ್ಯೂಬ್‌ಲೈಟ್ ಹಾಗೆ ಎದ್ದು ಬರುತ್ತದೆ. ಸಡಿಲಾದ ಎಳೆ ಏನಾದರೂ ಇದ್ದರೆ, ಅದೂ ಪ್ಯಾಚ್ ನಿಮ್ಮದೇ ಆಗಿದ್ದರೆ, ಕೂದಲಿನಷ್ಟು ಚೂರು ತೆಗೆದು ಸುಟ್ಟು ನೋಡಬಹುದು. ಹತ್ತಿ, ರೇಯಾನ್ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಹರಳಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಮ್ಮೆ ದುಡ್ಡು ಕಳೆದುಕೊಂಡೆ. ಸಿವಿಲ್ ಏರ್ ಪ್ಯಾಟ್ರೋಲ್ ಅಂತ ಇತ್ತು, ಈಗಲೂ ಇದೆ. ಪರ್ಲ್ ಹಾರ್ಬರಿಗೆ ಆರು ದಿನ ಮೊದಲು, 1941ರ ಡಿಸೆಂಬರ್ 1ರಂದು ಶುರುವಾದದ್ದು. ಸ್ವಂತ ಸಣ್ಣ ವಿಮಾನ ಇದ್ದ ಸಾಮಾನ್ಯ ಜನ ಸೇರಿ ಕಟ್ಟಿದ ಪಡೆ. ಬಿಳಿ ತ್ರಿಕೋನದೊಳಗೆ ಮೂರು ಎಲೆಯ ಕೆಂಪು ಪ್ರೊಪೆಲರ್ ಅವರ ಗುರುತು. 1942ರಿಂದ 1943ರ ಆಗಸ್ಟ್ ತನಕ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಸಮುದ್ರದ ಮೇಲೆ ಹಾರಿ ಸಬ್‌ಮರೀನ್ ಹುಡುಕಿದರು. ಎಂಜಿನ್ ನಿಂತರೆ ಇಳಿಯುವುದು ನೀರಿಗೇ. ಹಾಗೆ ನೀರಿಗೆ ಬಿದ್ದು ಬದುಕಿ ಬಂದವರಿಗೆ ಡಕ್ ಕ್ಲಬ್ ಅಂತ ಒಂದು ಪ್ಯಾಚ್ ಇತ್ತು, ಬಾತುಕೋಳಿಯ ಚಿತ್ರದ್ದು. ಎಷ್ಟು ಜನ ಅದನ್ನು ಹಾಕಿಕೊಂಡಿರಲು ಸಾಧ್ಯ, ಹೇಳಿ. ಆನ್‌ಲೈನಿನಲ್ಲಿ ಕಂಡಾಗ ನನ್ನ ಕೈ ನಡುಗಿತು. ಹಿಂಬದಿಯ ಫೋಟೋ ಹಾಕಿರಲಿಲ್ಲ. ಕೇಳಬೇಕಿತ್ತು. ಯಾರಾದರೂ ಕೊಂಡುಬಿಟ್ಟಾರು ಅನ್ನುವ ಅವಸರದಲ್ಲಿ ಕೇಳದೆ 140 ಡಾಲರ್ ಕಟ್ಟಿದೆ. ಬಂದ ಮೇಲೆ ಕತ್ತಲ ಕೋಣೆಗೆ ಒಯ್ದು ಟಾರ್ಚ್ ಹಾಕಿದರೆ ಬಾತುಕೋಳಿಯ ಸುತ್ತ ದಾರ ಹಬ್ಬದ ದೀಪದ ಹಾಗೆ ಉರಿಯಿತು. ಚಹಾದಲ್ಲಿ ಅದ್ದಿ ಹಳೇ ಬಣ್ಣ ಬರಿಸಿದ್ದರು, ಮೂಗಿಗೆ ಹಿಡಿದರೆ ಚಹಾ ವಾಸನೆ ಇನ್ನೂ ಇತ್ತು. ಮಾರಿದವರು ಉತ್ತರ ಕೊಡಲಿಲ್ಲ. ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಬೇರೆ ವಿಷಯಕ್ಕೆ. ಆ ಪಡೆಯವರು ಹಲವರು ನಿಜವಾಗಿ ಸತ್ತಿದ್ದಾರೆ. ಅವರ ಹೆಸರಿನಲ್ಲಿ ಇಂಥದ್ದನ್ನು ಮಾಡುವುದು ಸರಿಯಲ್ಲ. ಆ ಪ್ಯಾಚಿನ ಹಿಂದೆ ಶಾಯಿಯಲ್ಲಿ ನಕಲಿ ಅಂತ ದೊಡ್ಡದಾಗಿ ಬರೆದು ಇಟ್ಟಿದ್ದೇನೆ, ಮುಂದೆ ಯಾರ ಕೈಗೆ ಹೋದರೂ ಗೊತ್ತಾಗಲಿ.

ಇನ್ನೊಂದು ತಪ್ಪು ನನ್ನದೇ. ಮಿಂಚಿನ ಗುರುತಿನ ಮೆಸೆಂಜರ್ ಪ್ಯಾಚ್, ಫೆಲ್ಟ್ ಬಟ್ಟೆಯದು, ಮಣ್ಣಾಗಿತ್ತು. ತಣ್ಣೀರಿನಲ್ಲಿ ಒಂದು ಹನಿ ಶಾಂಪೂ ಹಾಕಿ ಅದ್ದಿದೆ. ಕಣ್ಣೆದುರಿಗೇ ಕೆಂಪು ಬಣ್ಣ ಬಿಟ್ಟು ಬಿಳಿ ತ್ರಿಕೋನವೆಲ್ಲ ಗುಲಾಬಿಯಾಯಿತು. ಆ ಮಣ್ಣು ಎಪ್ಪತ್ತೈದು ವರ್ಷ ಹಿಂದಿನ ಹುಡುಗನೊಬ್ಬ ಸೈಕಲ್ ಮೇಲೆ ಹೋಗುವಾಗ ಹತ್ತಿದ್ದೂ ಇರಬಹುದಿತ್ತು. ಅವತ್ತಿನಿಂದ ನೀರು ಮುಟ್ಟಿಸುವುದಿಲ್ಲ. ಒಣ ಬ್ರಷ್, ಅದೂ ಮಕ್ಕಳ ಬಣ್ಣದ ಬ್ರಷ್ ಅಷ್ಟು ಮೆತ್ತಗಿದ್ದದ್ದು, ಅಷ್ಟೇ.

ಎಲ್ಲಿ ಹುಡುಕಬೇಕು ಅಂತ ಕೇಳುತ್ತಾರೆ. ಪ್ಯಾಚ್ ಮಾರುವವರ ಟೇಬಲ್ಲಿಗಿಂತ ಹೊಲಿಗೆ ಸಾಮಾನಿನ ಟೇಬಲ್ಲಿಗೆ ಮೊದಲು ಹೋಗಿ. ಗುಂಡಿ ಡಬ್ಬಿ, ಸೂಜಿ ದಿಂಬು, ಹಳೇ ಸಿಂಗರ್ ಮಷೀನಿನ ಡ್ರಾಯರು. ಬಿಚ್ಚಿದ ಪ್ಯಾಚನ್ನು ಹೆಂಗಸರು ಇಡುವುದು ಅಲ್ಲೇ, ಎಸೆಯಲು ಮನಸ್ಸು ಬಾರದೆ. ಮನೆ ಖಾಲಿ ಮಾಡುವಾಗ ನಡೆಯುವ ಎಸ್ಟೇಟ್ ಸೇಲ್‌ಗಳಿಗೂ ಹೋಗುತ್ತೇನೆ, ಅಲ್ಲಿ ಮಾತ್ರ ದನಿ ತಗ್ಗಿಸಿ ಮಾತಾಡಬೇಕು, ಯಾಕೆಂದರೆ ಸಾಮಾನ್ಯವಾಗಿ ಯಾರೋ ತೀರಿಕೊಂಡ ಮನೆ ಅದು.

ಅಂಥ ಒಂದು ಮನೆಯಲ್ಲೇ ನನ್ನ ಹತ್ತಿರ ಇರುವ ಎಲ್ಲದಕ್ಕಿಂತ ದೊಡ್ಡ ವಸ್ತು ಸಿಕ್ಕಿತು. ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿ. ಮಹಡಿಯ ಕೋಣೆಯಲ್ಲಿ ಒಂದು ಬೂದು ಬಣ್ಣದ ಉಣ್ಣೆ ಕೋಟು ನೇತುಹಾಕಿತ್ತು, ಭುಜದ ಮೇಲೆ ಕೆಂಪು ಪಟ್ಟಿ. ಕೆಡೆಟ್ ನರ್ಸ್ ಕೋರ್ ಕೋಟು ಅಂತ ನೋಡಿದ ಕೂಡಲೇ ತಿಳಿಯಿತು. 1943ರಲ್ಲಿ ಡಾಕ್ಟರು, ನರ್ಸುಗಳೆಲ್ಲ ಯುದ್ಧಕ್ಕೆ ಹೋಗಿ ಇಲ್ಲಿನ ಆಸ್ಪತ್ರೆಗಳು ಬರಿದಾಗಿದ್ದವು. ಆಗ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ ಸದಸ್ಯೆ ಫ್ರಾನ್ಸಿಸ್ ಬೋಲ್ಟನ್ ತಂದ ಕಾನೂನಿನಿಂದ ಈ ಪಡೆ ಹುಟ್ಟಿತು. ಹುಡುಗಿಯರಿಗೆ ನರ್ಸಿಂಗ್ ಓದು ಪೂರ್ತಿ ಉಚಿತ, ಕೈಖರ್ಚಿಗೆ ದುಡ್ಡು, ಮೇಲೆ ಯೂನಿಫಾರ್ಮು. ಬದಲಿಗೆ ಯುದ್ಧ ಮುಗಿಯುವ ತನಕ ನರ್ಸ್ ಕೆಲಸ ಬಿಡುವುದಿಲ್ಲ ಅಂತ ಮಾತು ಕೊಡಬೇಕು. ಜಾತಿ ಬಣ್ಣ ನೋಡುವ ಹಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿತ್ತು, ಆ ಕಾಲಕ್ಕೆ ಅದು ದೊಡ್ಡ ಮಾತು. 1 ಲಕ್ಷ 20 ಸಾವಿರಕ್ಕೂ ಜಾಸ್ತಿ ಹುಡುಗಿಯರು ಓದು ಮುಗಿಸಿ ನರ್ಸ್ ಆದರು.

ಆ ಕೋಟಿಗೆ ತೋಳಿನ ಪ್ಯಾಚ್ ಇರಲಿಲ್ಲ. ಆದರೆ ಎಲ್ಲಿ ಇತ್ತು ಅಂತ ಕಾಣುತ್ತಿತ್ತು. ಎಡತೋಳಿನ ಮೇಲೆ ಪ್ಯಾಚ್ ಅಳತೆಯಷ್ಟೇ ಜಾಗ ಸುತ್ತಲಿಗಿಂತ ಗಾಢ ಬೂದಿಯಾಗಿತ್ತು, ಬಿಸಿಲು ತಾಗದೆ ಉಳಿದ ಬಣ್ಣ. ಸುತ್ತ ಸೂಜಿಯ ತೂತುಗಳು, ಅವ್ವ ಹೇಳಿದ ಹಾಗೆ ಸಾಲು ಹಿಡಿದಿದ್ದವು. ಮನೆಯ ಮಗಳು ಅಲ್ಲೇ ಇದ್ದರು, ಎಪ್ಪತ್ತರ ಹತ್ತಿರದ ವಯಸ್ಸು. ಹೊಲಿಗೆ ಮಷೀನಿನ ಡ್ರಾಯರು ಒಮ್ಮೆ ನೋಡಬಹುದಾ ಅಂತ ಕೇಳಿದೆ. ಒಟ್ಟಿಗೇ ನೋಡಿದೆವು. ದಾರದ ಉಂಡೆಗಳ ಕೆಳಗೆ, ಒಂದು ಲಕೋಟೆಯಲ್ಲಿ ಪ್ಯಾಚ್ ಇತ್ತು. ಕೆಂಪು ನೆಲ, ಮೇಲೆ ಬೆಳ್ಳಿ ಬಣ್ಣದ ಎಂಟು ಮೂಲೆಯ ಶಿಲುಬೆ. ಹಿಂಬದಿಯ ಅಂಚಿಗೆ ಬೂದು ಉಣ್ಣೆಯ ಎಳೆಗಳು ಇನ್ನೂ ಕಚ್ಚಿಕೊಂಡಿದ್ದವು. ಅವರು ಅದನ್ನು ತೋಳಿನ ಆ ಗಾಢ ಜಾಗದ ಮೇಲೆ ಇಟ್ಟರು. ಸರಿಯಾಗಿ ಕೂತಿತು. ಅಮ್ಮ ಎರಡು ವರ್ಷ ಈ ಕೋಟು ಹಾಕಿಕೊಂಡದ್ದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ ಅಂದರು.

ನಾನು ಕೊಳ್ಳುವುದಿಲ್ಲ, ನಿಮ್ಮಲ್ಲೇ ಇರಲಿ ಅಂದೆ. ಅವರು ಒಪ್ಪಲಿಲ್ಲ. ನನಗೆ ಮಕ್ಕಳಿಲ್ಲ, ನಾನು ಹೋದ ಮೇಲೆ ಎರಡೂ ಬೇರೆ ಬೇರೆ ಕಡೆ ಹೋಗುತ್ತವೆ, ನೀವು ಜೊತೆಯಲ್ಲಿಡಿ ಅಂತ ಕೊಟ್ಟರು. ನನ್ನ ಹತ್ತಿರ ಈಗಲೂ ಜೊತೆಯಲ್ಲೇ ಇವೆ. ಪ್ಯಾಚನ್ನು ಮತ್ತೆ ಹೊಲಿದಿಲ್ಲ, ಯಾಕೆಂದರೆ ಬಿಚ್ಚಿದ್ದು ಅವರ ಅಮ್ಮ.

ನಮ್ಮ ದೇಶದ ನಂಟೂ ಒಂದಿದೆ, ಹೋಮ್ ಫ್ರಂಟ್ ಅಲ್ಲದಿದ್ದರೂ. ಚೀನಾ ಬರ್ಮಾ ಇಂಡಿಯಾ ರಣರಂಗದಲ್ಲಿದ್ದ ಅಮೆರಿಕನ್ ಸೈನಿಕರು ತಮ್ಮ ಭುಜದ ಪ್ಯಾಚನ್ನು ಭಾರತದ ದರ್ಜಿಗಳ ಹತ್ತಿರ ಮಾಡಿಸಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲೂ ಅವರಿದ್ದರು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ 1940ರಲ್ಲಿ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ನಡುವೆ ಅಮೆರಿಕನ್ ವಾಯುಪಡೆಯ ರಿಪೇರಿ ಕೇಂದ್ರವಾಗಿತ್ತು. ಇಲ್ಲಿನ ಸಂಗ್ರಹಕಾರರೊಬ್ಬರು ಅಂಥ ಪ್ಯಾಚ್ ಒಂದನ್ನು ನನ್ನ ಕೈಗಿಟ್ಟು, ಈ ಲೋಹದ ದಾರದ ಕೆಲಸ ಹೇಗೆ ಮಾಡುತ್ತಾರೋ ಅಂತ ಬೆರಗುಪಟ್ಟರು. ಜರಿ ಕೆಲಸ. ನನ್ನ ಮದುವೆಯ ಕುಪ್ಪಸದ ತೋಳಿನ ಮೇಲೆ ಇರುವುದೂ ಅದೇ. ಕುಪ್ಪಸದ ಫೋಟೋ ತೋರಿಸಿದೆ, ಇಬ್ಬರೂ ಬಹಳ ಹೊತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು.

ನಮ್ಮಲ್ಲೂ ಹೋಮ್ ಫ್ರಂಟ್ ಇತ್ತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೆ ಜಪಾನಿನ ಬಾಂಬ್ ಬಿತ್ತು, ಅದೇ ವರ್ಷ ಡಿಸೆಂಬರಿನಲ್ಲಿ ಕಲ್ಕತ್ತದ ಮೇಲೆ. ಮದ್ರಾಸಿನಲ್ಲಿ, ಕಲ್ಕತ್ತದಲ್ಲಿ ಎ.ಆರ್.ಪಿ. (ಏರ್ ರೇಡ್ ಪ್ರಿಕಾಷನ್ಸ್) ಅಂತ ವಾರ್ಡನ್‌ಗಳಿದ್ದರು. ಅವರ ತೋಳುಪಟ್ಟಿ ಒಂದಾದರೂ ಬೇಕು ಅಂತ ವರ್ಷಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ನಮ್ಮ ಮನೆಗಳಲ್ಲಿ ಹಳೇ ಬಟ್ಟೆ ಉಳಿಯುವುದಿಲ್ಲ. ಕೌದಿಗೆ ಹೋಗುತ್ತದೆ, ಇಲ್ಲ ಒರೆಸುವ ಬಟ್ಟೆಯಾಗುತ್ತದೆ, ಇಲ್ಲ ಪಾತ್ರೆಯವಳಿಗೆ ಹೋಗುತ್ತದೆ. ಇದನ್ನು ಓದುವ ಯಾರ ಮನೆಯಲ್ಲಾದರೂ ತಾತನ ಟ್ರಂಕಿನ ತಳದಲ್ಲಿ ಅಂಥದ್ದು ಇದ್ದರೆ ದಯವಿಟ್ಟು ಎಸೆಯಬೇಡಿ. ನನಗೆ ಕೊಡಿ ಅಂತ ಹೇಳುತ್ತಿಲ್ಲ, ನೀವೇ ಇಟ್ಟುಕೊಳ್ಳಿ.

ಇಡುವುದು ಹೇಗೆ ಅಂದರೆ, ಆಮ್ಲ ಇಲ್ಲದ ಕಾಗದದ ಪೆಟ್ಟಿಗೆ, ಒಂದೊಂದರ ನಡುವೆ ಅಂಥದ್ದೇ ತೆಳು ಕಾಗದ. ಪಿ.ವಿ.ಸಿ. ಕವರ್ ಬೇಡ, ಅದರಿಂದ ಬರುವ ಅನಿಲ ಬಟ್ಟೆಯನ್ನೂ ಬಣ್ಣವನ್ನೂ ತಿನ್ನುತ್ತದೆ. ಅಂಟು ಹಾಳೆಯ ಆಲ್ಬಮ್ ಬೇಡವೇ ಬೇಡ. ಲ್ಯಾಮಿನೇಷನ್ ಮಾಡಿಸಿದ ಪ್ಯಾಚ್ ಒಂದನ್ನು ನೋಡಿ ಸಂಕಟವಾಗಿದೆ ನನಗೆ. ಉಣ್ಣೆ, ಫೆಲ್ಟ್ ಇದ್ದರೆ ನುಸಿ ಹಿಡಿಯುತ್ತದೆ. ಹೊಸದಾಗಿ ತಂದದ್ದನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಡುತ್ತೇನೆ, ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಟ್ಟು, ಮತ್ತೆ ಒಂದು ವಾರ. ಮನೆಯಲ್ಲಿ ಈಗ ಬಟಾಣಿ ಪೊಟ್ಟಣದ ಪಕ್ಕ ಯುದ್ಧಕಾಲದ ಬಟ್ಟೆ ಇರುವುದು ಎಲ್ಲರಿಗೂ ಅಭ್ಯಾಸ ಆಗಿದೆ. ಗೋಡೆಗೆ ತೂಗುಹಾಕುವುದಿಲ್ಲ, ಬೆಳಕು ಬಣ್ಣ ಹೀರುತ್ತದೆ. ನೋಡಬೇಕು ಅನ್ನಿಸಿದಾಗ ಕೈ ತೊಳೆದು, ಒರೆಸಿಕೊಂಡು, ಪೆಟ್ಟಿಗೆ ತೆಗೆಯುತ್ತೇನೆ.

ಪ್ರತಿ ಪ್ಯಾಚಿಗೂ ಎರಡು ಫೋಟೋ ತೆಗೆಯುತ್ತೇನೆ, ಮುಂದಿನದು ಒಂದು, ಹಿಂದಿನದು ಒಂದು. ಜೊತೆಗೆ ಒಂದು ಚೀಟಿ, ಪೆನ್ಸಿಲ್ಲಿನಲ್ಲಿ ಬರೆದದ್ದು, ಶಾಯಿ ಬಟ್ಟೆಗೆ ಇಳಿಯಬಾರದಲ್ಲ. ಮೊದಲೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಅವ್ವ ಓದಲಿ ಅಂತ ಈಗ ಕನ್ನಡದಲ್ಲೂ ಬರೆಯುತ್ತೇನೆ. ಮೊನ್ನೆ ಬರೆದದ್ದು ಹೀಗಿದೆ: "ಚಾಲಕರ ಪಡೆ, ಚಕ್ರದ ಗುರುತು. ಹತ್ತಿ ಬಟ್ಟೆ, ಚಪ್ಪಟೆ ಅಂಚು, ಬಿಳಿ ಹಿಂಬದಿ. ಟಾರ್ಚಿಗೆ ಹೊಳೆಯುವುದಿಲ್ಲ. ಲ್ಯಾಂಬರ್ಟ್‌ವಿಲ್ ಸಂತೆಯಲ್ಲಿ ಸೂಜಿ ದಿಂಬಿನೊಳಗೆ ಸಿಕ್ಕಿತು. ಕೈಯಿಂದ ಹಚ್ಚಿದ್ದು, ಸಣ್ಣ ಹೊಲಿಗೆ, ಕಪ್ಪು ದಾರ. ಮೇಲಿನ ಮೂಲೆ ಒಮ್ಮೆ ಕಿತ್ತಿದೆ, ಮತ್ತೆ ಹಚ್ಚಿದ್ದಾರೆ. ಹಚ್ಚಿದ ಕೈ ಬೇರೆ, ಹೊಲಿಗೆ ದೊಡ್ಡದು."